ದಾಕ್ಷಾಯಣಿಯ ದಸ್ತಿ

ಪೀಂ, ಪೀಂ, ಪೀಂ. ಹಿಂದಕ್ಕೆ ಸರಿಯುವ ಬಸ್ಸಿನ ಈ ಕೂಗು ಬೆಳಿಗ್ಗೆ ಆರೂಕಾಲಿಗೆ ಮಾಕಳಿಯ ಆ ಬೀದಿಯನ್ನು ಎಬ್ಬಿಸುತ್ತದೆ. ದಾಕ್ಷಾಯಣಿಯ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ನಿಂತಿದ್ದ ಕಾಲೇಜು ಬಸ್ಸನ್ನು ಡ್ರೈವರ್ ಮನೋಹರ್ ನುಗ್ಗೆ ಮರಕ್ಕೆ ತಾಗದಂತೆ ಜೋಪಾನವಾಗಿ ರಸ್ತೆಗೆ ತರುತ್ತಾನೆ. ಮೊದಲ ಪೀಂಗೆ ದಾಕ್ಷಾಯಣಿ ರೊಟ್ಟಿಯ ಡಬ್ಬಿ ಮುಚ್ಚುತ್ತಾಳೆ, ಎರಡನೆಯದಕ್ಕೆ ಗ್ಯಾಸು ಆರಿಸುತ್ತಾಳೆ. ಸದ್ದು ನಿಲ್ಲುವಷ್ಟರಲ್ಲಿ ಚಪ್ಪಲಿ ಮೆಟ್ಟಿ ಗೇಟಿನ ಹೊರಗಿರುತ್ತಾಳೆ.

ಬಸ್ಸಿಗೆ ಅವಳೇ ಮೊದಲನೆಯವಳು. ಆ ಹೊತ್ತಿನಲ್ಲಿ ನಲವತ್ತು ಸೀಟುಗಳೂ ಖಾಲಿ. ಆದರೂ ನಾಲ್ಕು ವರ್ಷದಿಂದ ಅವಳು ಕೂರುತ್ತಿದ್ದದ್ದು ಕಟ್ಟಕಡೆಯ ಸಾಲಿನಲ್ಲಿ, ಹಿಂದಿನ ಚಕ್ರದ ನೆತ್ತಿಯ ಮೇಲೆ.

ಯಲಹಂಕದಾಚೆಯ ಆ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ದಾಕ್ಷಾಯಣಿ ಅಟೆಂಡರು. ಗದಗದ ಕಡೆಯವಳು. ಬೀಕರು ತೊಳೆಯುವುದು, ಬ್ಯುರೆಟ್ಟುಗಳನ್ನು ಸ್ಟ್ಯಾಂಡಿಗೆ ಸಿಕ್ಕಿಸುವುದು, ಹುಡುಗರು ಚೆಲ್ಲಿದ್ದನ್ನು ಒರೆಸುವುದು ಅವಳ ಕೆಲಸ. ಅವಳ ಹತ್ತಿ ಸೀರೆಗಳ ಅಂಚಿನಲ್ಲೆಲ್ಲ ಆಸಿಡ್ಡು ತಿಂದ ಸಣ್ಣ ಸಣ್ಣ ತೂತುಗಳಿವೆ. ಇರುವೆ ಸಾಲು ಹೋದ ಹಾಗೆ. ಕೆಲಸಕ್ಕೆ ಸೇರಿದ ಮೊದಲ ವಾರ ಅವಳು ಎರಡನೇ ಸಾಲಿನಲ್ಲಿ ಕೂತಿದ್ದಳು. ಜಾಲಹಳ್ಳಿ ಕ್ರಾಸಿನಲ್ಲಿ ಹತ್ತಿದ ಯಾರೋ ಒಬ್ಬರು ನಗುನಗುತ್ತಲೇ, "ಇದು ಟೀಚಿಂಗ್ ಸ್ಟಾಫ್ ಸೀಟು ಕಣಮ್ಮ," ಅಂದರು. ಎಲ್ಲೂ ಬರೆದಿರದ ಆ ಮಾತು ಅವಳನ್ನು ಬಸ್ಸಿನ ಬಾಲಕ್ಕೆ ಕೊಂಡೊಯ್ದು ಕೂರಿಸಿತು.

ಆಮೇಲೆ ಬಂದದ್ದು ಕರ್ಚೀಫುಗಳು.

ಇಂಗ್ಲಿಷ್ ಲೆಕ್ಚರರ್ ವಂದನಾ ಮೇಡಂಗೆ ಕಿಟಕಿ ಸಿಗದಿದ್ದರೆ ಬಸ್ಸಿನಲ್ಲಿ ಹೊಟ್ಟೆ ತೊಳಸುತ್ತಿತ್ತು. "ದಾಕ್ಷಾಯಣಮ್ಮ, ನೀವು ಮೊದಲು ಹತ್ತೋರು ತಾನೆ? ಇದನ್ನೊಂದು ಎರಡನೇ ಸಾಲಿನ ಕಿಟಕಿ ಹತ್ರ ಹಾಕಿಡಿ ಪ್ಲೀಸ್," ಎಂದು ನೇರಳೆ ಅಂಚಿನ ಬಿಳಿ ಕರ್ಚೀಫು ಕೊಟ್ಟರು. ದಾಕ್ಷಾಯಣಿಯ ಮಗಳ ಸ್ಕಾಲರ್‌ಶಿಪ್ ಅರ್ಜಿಯನ್ನು ಇಡೀ ಒಂದು ಮಧ್ಯಾಹ್ನ ಕೂತು ತುಂಬಿಸಿಕೊಟ್ಟವರು ಅವರು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಮುಂದಿನ ತಿಂಗಳು ಫಿಸಿಕ್ಸಿನ ನಿರಂಜನ ಸರ್ ನೀಲಿ ಚೌಕಳಿಯದೊಂದನ್ನು ಕೊಟ್ಟರು. ಹೀಗೆ ಒಂದಾದ ಮೇಲೊಂದು, ಆರಾದವು.

ಅವಳ ಊರಿನ ಕಡೆ ಕರ್ಚೀಫಿಗೆ ದಸ್ತಿ ಅನ್ನುತ್ತಾರೆ. ಬೆಳಿಗ್ಗೆ ಬಸ್ಸು ತುಮಕೂರು ರಸ್ತೆಗೆ ತಿರುಗುವ ಮೊದಲೇ ಅವಳು ಆರೂ ದಸ್ತಿಗಳನ್ನು ಅವರವರ ಸೀಟಿಗೆ ಹಾಸುತ್ತಿದ್ದಳು. ಸಂಜೆ ಮೂರೂಮುಕ್ಕಾಲಿಗೆ ಲ್ಯಾಬಿನಿಂದ ಓಡಿಬಂದು ಮತ್ತೆ ಹಾಸಿ, ವಾಪಸ್ ಹೋಗಿ, ಬೀಗ ಹಾಕಿಕೊಂಡು ಎಲ್ಲರಿಗಿಂತ ಕೊನೆಗೆ ಬಸ್ಸು ಹತ್ತುತ್ತಿದ್ದಳು. ಭಾನುವಾರ ಒಗೆದು ತಂತಿಗೆ ಹಾಕಿದರೆ ಪಕ್ಕದ ಮನೆಯವರು, "ಏನಕ್ಕಾ, ನಿಮ್ಮನೇಲಿ ಇಷ್ಟೊಂದು ಜನಕ್ಕೆ ನೆಗಡೀನಾ?" ಎಂದು ನಗುತ್ತಿದ್ದರು.

ಹಾಸಿದ ದಸ್ತಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಆ ಬಸ್ಸಿನ ಕಟ್ಟುನಿಟ್ಟು ಅದು. ಎಂಟನೇ ಮೈಲಿಯಲ್ಲಿ ಹತ್ತುವ ಹೌಸ್‌ಕೀಪಿಂಗ್‌ನ ರತ್ನಕ್ಕ, ಐವತ್ತೆಂಟರ ಹೆಂಗಸು, ಹಿಂದಿನ ಸಾಲುಗಳು ತುಂಬಿದ್ದರೆ ಕಂಬಿ ಹಿಡಿದು ನಿಲ್ಲುತ್ತಿದ್ದರು. ಅವರ ಮೊಣಕಾಲಿನ ಪಕ್ಕದಲ್ಲೇ ನೀಲಿ ಚೌಕಳಿಯ ಕರ್ಚೀಫು ಕಿಟಕಿಯ ಗಾಳಿಗೆ ಅಂಚು ಅಲ್ಲಾಡಿಸುತ್ತ, ಆರಾಮಾಗಿ ಕೂತು ಹೋಗುತ್ತಿತ್ತು.

ಈ ಜೂನ್‌ನಲ್ಲಿ ದಾಕ್ಷಾಯಣಿಯ ಸೊಂಟ ಹಿಡಿಯಿತು. ಸೊಂಟದಿಂದ ಹಿಮ್ಮಡಿಯವರೆಗೆ ಯಾರೋ ತಂತಿ ಎಳೆದ ಹಾಗೆ ನೋವು. ಬಗ್ಗಿ ಒಂದು ಬೀಕರು ಎತ್ತಲು ಉಸಿರು ಕಟ್ಟುತ್ತಿತ್ತು. ಮೂಳೆ ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, ದಿನಾ ಎಲ್ಲಿ ಕೂರುತ್ತೀರಿ, ಏನು ಮಾಡುತ್ತೀರಿ ಎಂದೆಲ್ಲ ವಿಚಾರಿಸಿದರು. "ಚಕ್ರದ ಮೇಲಿನ ಸೀಟಾ? ದಿನಕ್ಕೆ ಮೂರು ಗಂಟೆ? ಅಲ್ಲಿ ಕೂರೋದು ಬಿಡಿ. ಹೀಗೇ ಹಂಪ್ ಹಾರ್ತಿದ್ರೆ ಆರು ತಿಂಗಳಲ್ಲಿ ಕೆಲಸಾನೇ ಬಿಡ್ಬೇಕಾಗುತ್ತೆ," ಅಂದರು.

ಮಗಳ ಓದು ಇನ್ನೂ ಎರಡು ವರ್ಷ ಇತ್ತು. ಕೆಲಸ ಬಿಡುವ ಮಾತೇ ಇಲ್ಲ. ಬಿಡಬೇಕಾದದ್ದು ಆ ಸೀಟು.

ಅವಳು ಮೊದಲು ಕೇಳಿಯೇ ನೋಡಿದಳು. "ಮೇಡಂ, ನಂಗ ಮುಂದೊಂದು ಸೀಟ್ ಬೇಕ್ರಿ. ಡಾಕ್ಟರ್ ಹೇಳ್ಯಾರ."

ವಂದನಾ ಮೇಡಂಗೆ ನಿಜವಾಗಿಯೂ ಕನಿಕರವಾಯಿತು. "ಅಯ್ಯೋ ಪಾಪ. ಆದ್ರೆ ಮುಂದೆ ಎಲ್ಲಾ ಸೀಟೂ ಯಾರ್ಯಾರಿಗೋ ಆಗ್ಹೋಗಿದೆ ಅಲ್ವಾ ದಾಕ್ಷಾಯಣಮ್ಮ? ನಿಮಗೇ ಗೊತ್ತಲ್ಲ, ನೀವೇ ತಾನೆ ಕರ್ಚೀಫ್ ಹಾಕೋದು? ಒಂದು ದಿಂಬು ತಂದ್ಕೊಡ್ತೀನಿ, ಇಟ್ಕೊಂಡು ಕೂತ್ಕೊಳ್ಳಿ."

ಮರುದಿನ ದಿಂಬು ಬಂತು. ಮೆತ್ತಗಿತ್ತು, ಚೆನ್ನಾಗಿಯೇ ಇತ್ತು. ಮೊದಲ ಹಂಪಿಗೇ ಅದರ ಕೆಲಸ ಮುಗಿಯಿತು.

ಆ ಭಾನುವಾರ ದಾಕ್ಷಾಯಣಿ ಮಗಳ ಕುಪ್ಪಸಕ್ಕೆ ಕತ್ತರಿಸಿ ಉಳಿದಿದ್ದ ಖಣದ ತುಂಡೊಂದನ್ನು ಹುಡುಕಿ ತೆಗೆದಳು. ಕುಂಕುಮದ ಬಣ್ಣ, ಒಡಲ ತುಂಬ ಸಣ್ಣ ಚುಕ್ಕಿ. ನಾಲ್ಕೂ ಅಂಚು ಮಡಿಸಿ ಹಳದಿ ದಾರದಲ್ಲಿ ಹೊಲಿದಳು. ಸೋಮವಾರ ಸಂಜೆ ಆರು ದಸ್ತಿ ಹಾಸಿದ ಮೇಲೆ, ಯಾರ ಹೆಸರಿಗೂ ಇರದ ಮೂರನೇ ಸಾಲಿನ ಒಂದು ಸೀಟಿಗೆ ಏಳನೆಯದನ್ನು ಹಾಸಿದಳು. ಅಂಗೈಯಿಂದ ಅದನ್ನೊಮ್ಮೆ ಸವರಿ, ಬೀಗ ಹಾಕಲು ಲ್ಯಾಬಿಗೆ ಹೋದಳು.

ಹಿಂತಿರುಗಿ ಬಂದಾಗ ಆ ಸೀಟಿನಲ್ಲಿ ಹೊಸದಾಗಿ ಸೇರಿದ ಲೆಕ್ಚರರ್ ಸಂಹಿತಾ ಕೂತಿದ್ದಳು. ಖಣದ ದಸ್ತಿ ಕಾಣಲಿಲ್ಲ.

"ಇಲ್ಲೊಂದು ಕೆಂಪು ದಸ್ತಿ ಇತ್ತಲ್ರಿ?"

"ಅದು ನಿಮ್ದೇ ತಾನೆ ಆಂಟಿ? ನಿಮ್ಮ ಸೀಟಲ್ಲೇ ಇಟ್ಟಿದೀನಿ, ಹಿಂದೆ." ಹುಡುಗಿಯ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. "ಇಲ್ಲಿ ಬಿದ್ದೋಗಿದೆ ಅನ್ಕೊಂಡೆ."

ದಾಕ್ಷಾಯಣಿ ಹಿಂದೆ ನೋಡಿದಳು. ಚಕ್ರದ ಮೇಲಿನ ಸೀಟಿನಲ್ಲಿ ಅವಳ ದಸ್ತಿ ಅಚ್ಚುಕಟ್ಟಾಗಿ ಮಡಚಿಕೊಂಡು ಅವಳಿಗಾಗಿ ಕಾಯುತ್ತಿತ್ತು. ಮುಂದೆ ಆರು ದಸ್ತಿಗಳ ಸೀಟುಗಳಲ್ಲಿ ಅವರವರೇ ಕೂತಿದ್ದರು, ಒಂದು ದಸ್ತಿಯೂ ಬಿದ್ದುಹೋಗಿರಲಿಲ್ಲ.

"ಹಿಂದೆ ಖಾಲಿ ಇದ್ಯಲ್ಲಮ್ಮ, ಹೋಗಿ ಕೂತ್ಕೊಳ್ಳಿ, ಬಸ್ ಹೊರಡ್ಲಿ," ಅಂದರು ನಿರಂಜನ ಸರ್, ಮೊಬೈಲಿನಿಂದ ತಲೆ ಎತ್ತದೆ.

ದಾಕ್ಷಾಯಣಿ ಹಿಂದಕ್ಕೆ ಹೋಗಿ ದಸ್ತಿ ಎತ್ತಿಕೊಂಡಳು. ಮರಳಿ ಬಂದು ಮೂರನೇ ಸಾಲಿನ ಪಕ್ಕದಲ್ಲಿ ಕಂಬಿ ಹಿಡಿದು ನಿಂತಳು. ಬಸ್ಸು ಹೊರಟಿತು. ಯಲಹಂಕ ದಾಟಿತು. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಎಂದಿನಂತೆ ಸಿಕ್ಕಿಕೊಂಡಿತು. ಕೆಳಗೆ ಕೆರೆಯ ನೀರು ಸಂಜೆಯ ಬೆಳಕನ್ನು ಹಿಡಿದಿಟ್ಟುಕೊಂಡಿತ್ತು. ನೋವು ಕಾಲಿನಲ್ಲಿ ಇಳಿದು, ಹತ್ತಿ, ಮತ್ತೆ ಇಳಿಯುತ್ತಿತ್ತು. ಕಡೆಯ ಸಾಲಿನ ಸೀಟು ಖಾಲಿಯಾಗಿಯೇ ಕುಣಿಯುತ್ತ ಬರುತ್ತಿತ್ತು.

ಸಂಹಿತಾಗೆ ತಡೆಯಲಾಗಲಿಲ್ಲ. "ಆಂಟಿ, ಬನ್ನಿ, ನೀವೇ ಕೂತ್ಕೊಳ್ಳಿ ಪ್ಲೀಸ್. ನಾನು ಎದ್ದೇಳ್ತೀನಿ."

"ನೀವು ಕುಂದರ್ರಿ, ತಂಗಿ."

"ಪರ್ವಾಗಿಲ್ಲ ಆಂಟಿ, ನಾನು ಕೊಡ್ತಿದೀನಲ್ಲ?"

"ಅದಕ್ಕ ಬ್ಯಾಡ ಅಂದೆ. ನೀವು ಎದ್ದರ ಅದು ನೀವು ಕೊಟ್ಟಂಗ ಆಗತೈತಿ. ನಂಗ ಯಾರೂ ಕೊಡೂದು ಬ್ಯಾಡ. ನಾ ಅದನ್ನ ಹಿಡದಿದ್ದೆ."

ವಂದನಾ ಮೇಡಂ ಕಿಟಕಿಯಾಚೆ ನೋಡುತ್ತಿದ್ದರು. ಜಾಲಹಳ್ಳಿ ಕ್ರಾಸಿನಲ್ಲಿ ಅವರೆಲ್ಲ ಇಳಿದು ಅರ್ಧ ಬಸ್ಸು ಖಾಲಿಯಾದ ಮೇಲೂ ದಾಕ್ಷಾಯಣಿ ಕೂರಲಿಲ್ಲ. ಮಾಕಳಿಯವರೆಗೆ ನಿಂತೇ ಬಂದಳು. ಮನೆಯ ಮೂರು ಮೆಟ್ಟಿಲು ಹತ್ತಲು ಮಗಳ ಭುಜ ಬೇಕಾಯಿತು.

ಅವರು ಸೀಟಿನಲ್ಲೇ ಬಿಟ್ಟುಹೋಗಿದ್ದ ಆರೂ ದಸ್ತಿಗಳನ್ನು ಆಯ್ದು ತಂದು ಅದೇ ಸಂಜೆ ಒಗೆದಳು. ಮಗಳು ಇಸ್ತ್ರಿ ಮಾಡಿಕೊಟ್ಟಳು. ಒಂದರ ಮೇಲೊಂದಿಟ್ಟು ಹಳದಿ ದಾರ ಸುತ್ತಿ ಗಂಟು ಹಾಕಿದಳು.

ಮಂಗಳವಾರ. ಪೀಂ, ಪೀಂ, ಪೀಂ. ದಾಕ್ಷಾಯಣಿ ಬಸ್ಸು ಹತ್ತಿ, ಮೂರನೇ ಸಾಲಿನ ಆ ಸೀಟಿನಲ್ಲಿ ಬೆನ್ನು ಒರಗಿಸಿ ಕೂತಳು. ಕನ್ನಡಿಯಲ್ಲಿ ಮನೋಹರ್ ಹುಬ್ಬು ಹಾರಿಸಿದ.

"ಏನಕ್ಕಾ, ಇವತ್ತು ಬಟ್ಟೆ ಅಂಗಡಿ ಬಂದ್‌ ಆ?"

"ಬಂದ್."

"ಇವತ್ತೊಂದಿನಾನಾ?"

"ಇನ್ನ ತೆಗಿಯಂಗಿಲ್ಲ. ನೀ ಮುಂದ ನೋಡಿ ಹೊಡಿ."

ಎಂಟನೇ ಮೈಲಿಯಲ್ಲಿ ಹತ್ತಿದ ರತ್ನಕ್ಕ ಬೋಳು ಸೀಟುಗಳನ್ನು ಕಂಡು ದಾರಿಯ ನಡುವೆಯೇ ನಿಂತರು. ಅಭ್ಯಾಸ ಬಲದಿಂದ ಕೈ ಕಂಬಿಗೆ ಹೋಗಿತ್ತು. "ಇದೇನೇ ಇದು, ಎಲ್ಲಾ ಖಾಲಿ? ಅವ್ರಿಗೆ ರಜಾನಾ?"

"ರಜಾ ಇಲ್ಲ. ಖಾಲಿ ಅದಾವ, ಕುಂದರ್ರಿ ಅಕ್ಕ."

"ಬೈತಾರೆ ಕಣೇ."

"ಬಸ್ಸಿಗೆ ಮೊದಲ ಬಂದಿದ್ದು ನೀವೋ ಅವರೋ?"

ರತ್ನಕ್ಕ ಎರಡನೇ ಸಾಲಿನ ಕಿಟಕಿಯ ಬಳಿ ತುದಿಯಲ್ಲಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ಪೂರ್ತಿ ಕೂತರು. ಅವರ ಹಿಂದೆ ಹತ್ತಿದ ಹೌಸ್‌ಕೀಪಿಂಗ್‌ನ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಮುಂದೆಯೇ ಕೂತರು. ಯಾರೋ ಕಿಸಕ್ಕನೆ ನಕ್ಕರು. ಕಡೆಯ ಸಾಲಿಗೆ ಆ ದಿನ ಯಾರೂ ಹೋಗಲಿಲ್ಲ.

ಜಾಲಹಳ್ಳಿ ಕ್ರಾಸಿನಲ್ಲಿ ಹತ್ತಿದವರ ಮಾತು ಬಾಗಿಲಲ್ಲೇ ನಿಂತಿತು.

"ದಾಕ್ಷಾಯಣಮ್ಮ, ನಮ್ಮ ಕರ್ಚೀಫ್?" ಅಂದರು ನಿರಂಜನ ಸರ್.

ಅವಳು ಚೀಲದಿಂದ ಗಂಟು ತೆಗೆದು ಎರಡೂ ಕೈಯಲ್ಲಿ ಚಾಚಿದಳು. "ತಗೋರಿ ಸರ್. ಒಗದು ಇಸ್ತ್ರಿ ಮಾಡೀನಿ. ಆರೂ ಅದಾವ, ನೋಡ್ಕೋರಿ."

"ನಾವೇನು ಇದನ್ನ ಮನೆಗೆ ತಗೊಂಡ್ ಹೋಗೋಕೆ ಕೊಟ್ಟಿದ್ವಾ? ಸೀಟೆಲ್ಲಿ?"

"ಸೀಟ್ ಹಿಂದ ಅದಾವ್ರಿ. ಖಾಲಿ ಅದಾವ."

ನಿನ್ನೆ ಅವರೇ ಆಡಿದ ಮಾತು. ಹಾಗೆಂದು ಅವಳು ಹೇಳಲಿಲ್ಲ. ನಿರಂಜನ ಸರ್ ಗಂಟನ್ನು ಕಸಿದುಕೊಂಡು, ಕೂಡಲೇ ಫೋನು ತೆಗೆದು ಕಾಲೇಜಿನ ಬಸ್ಸುಗಳನ್ನು ನೋಡಿಕೊಳ್ಳುವ ಶೇಖರಪ್ಪನವರಿಗೆ ಹಚ್ಚಿದರು. "ಇಲ್ಲಿ ಅಟೆಂಡರ್‌ಗಳು ಸೀಟ್ ಹಿಡ್ಕೊಂಡು ಕೂತ್ಬಿಟ್ಟಿದಾರೆ ರೀ..." ಎನ್ನುತ್ತ, ಒಂದು ಹಂಪಿಗೆ ತೂರಾಡಿ ಕಂಬಿ ಹಿಡಿದುಕೊಂಡರು. ಅವರ ಬೆನ್ನಿಗೇ ಹತ್ತಿದ ಸಂಹಿತಾ ಸೀದಾ ಹಿಂದೆ ಹೋಗಿ ಚಕ್ರದ ಮೇಲೆ ಕೂತಳು. ಮುಂದಿನ ಹಂಪಿಗೆ ಅವಳು ಎಗರಿ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ವಂದನಾ ಮೇಡಂ ರತ್ನಕ್ಕನ ಪಕ್ಕ ನಿಂತಿದ್ದರು. ಗೊರಗುಂಟೆಪಾಳ್ಯ ಬರುವಷ್ಟರಲ್ಲಿ ಅವರ ಮುಖ ಬಿಳಿಚಿಕೊಂಡಿತ್ತು. "ನಿಮ್ಮ ಮಗಳ ಅರ್ಜಿ ತುಂಬಿಸ್ಕೊಟ್ಟಾಗ ಹೀಗನ್ಕೊಂಡಿರ್ಲಿಲ್ಲ, ದಾಕ್ಷಾಯಣಮ್ಮ," ಎಂದರು ಸಣ್ಣಗೆ.

ಅದು ನಾಟಿತು. ದಾಕ್ಷಾಯಣಿ ಮಡಿಲಲ್ಲಿದ್ದ ಖಣದ ದಸ್ತಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಅದನ್ನ ನಾ ಮರಿಯಂಗಿಲ್ಲ ಮೇಡಂ. ನಾಲ್ಕ್ ವರ್ಷ ಮರತಿಲ್ಲ. ನಿಮಗ ಕಿಟಕಿ ಬೇಕಂದ್ರ ಅಕ್ಕನ್ನ ಕೇಳ್ರಿ. ಬಾಯಿ ಬಿಟ್ಟು ಕೇಳ್ರಿ, ಕೊಡ್ತಾರ. ನಾ ಹ್ವಾದ ವಾರ ನಿಮ್ಮನ್ನ ಕೇಳಿದ್ನಲ್ಲ, ಹಂಗ."

ವಂದನಾ ಮೇಡಂ ಕೇಳಲಿಲ್ಲ. ಒಂದು ಸಿಗ್ನಲ್ಲು ದಾಟಿತು, ಇನ್ನೊಂದು ದಾಟಿತು. ಕೊನೆಗೆ ಬಾಯಿಗೆ ಸೆರಗು ಹಿಡಿದುಕೊಂಡು, "ರತ್ನಮ್ಮ, ನನಗೆ ಸ್ವಲ್ಪ ಕಿಟಕಿ..." ಅನ್ನುವಷ್ಟರಲ್ಲಿ ರತ್ನಕ್ಕ ಎದ್ದಾಗಿತ್ತು. "ಅಯ್ಯೋ, ಮೊದಲೇ ಹೇಳ್ಬಾರ್ದಾ ಮೇಡಂ? ನೀವ್ ಒಳಗ್ ಬನ್ನಿ, ನಾನ್ ಈಕಡೆ ಕೂತ್ಕೋತೀನಿ." ಇಬ್ಬರೂ ಒಂದೇ ಸೀಟಿನಲ್ಲಿ ಅಕ್ಕಪಕ್ಕ ಯಲಹಂಕದವರೆಗೆ ಬಂದರು. ರತ್ನಕ್ಕ ನಿಂಬೆಹಣ್ಣೊಂದನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟರು.

ಕಾಲೇಜಿನ ಗೇಟಿನಲ್ಲಿ ಶೇಖರಪ್ಪನವರು ರಿಜಿಸ್ಟರು ಕಂಕುಳಲ್ಲಿಟ್ಟುಕೊಂಡು ಕಾಯುತ್ತಿದ್ದರು. ಇಳಿದವರು ಅಲ್ಲಲ್ಲೇ ನಿಂತರು.

"ಏನಮ್ಮಾ ಇದು ನಿನ್ ಗಲಾಟೆ? ಇಷ್ಟು ವರ್ಷ ಇಲ್ದೇ ಇರೋದು?"

"ಗಲಾಟೆ ಏನಿಲ್ಲ ಸರ್. ಕುಂತೀನಿ, ಅಷ್ಟ."

"ಮುಂದಿನ ಸೀಟು ಟೀಚಿಂಗ್ ಸ್ಟಾಫ್‌ದು ಅಂತ ಗೊತ್ತಿಲ್ವಾ ನಿಂಗೆ? ಬಸ್ಸಿಗೆ ಹತ್ತಿಸ್ಕೋಬೇಡಿ ಅಂತ ಬರೆದ್ಬಿಡ್ಲಾ? ಮೂರು ಬಸ್ ಚೇಂಜ್ ಮಾಡ್ಕೊಂಡು ಬರ್ತೀಯಾ?"

ಮೂರು ಬಸ್ಸು ಬದಲಿಸಿ ಬರಲು ಆ ಸೊಂಟಕ್ಕೆ ಆಗುವುದಿಲ್ಲವೆಂದು ದಾಕ್ಷಾಯಣಿಗೆ ಗೊತ್ತಿತ್ತು. ಗೊತ್ತಿದ್ದೇ ಅವಳು ಸೆರಗು ಸಿಕ್ಕಿಸಿಕೊಂಡಳು.

"ಬರೀರಿ ಸರ್. ಆದ್ರ ಪೂರ್ತಿ ಬರೀರಿ. ಈ ಬಸ್ಸಿನಾಗ ದಸ್ತಿಗೆ ಸೀಟ್ ಐತಿ, ದಾಕ್ಷಾಯಣಿಗೆ ಇಲ್ಲ ಅಂತ ಬರೀರಿ. ಕೆಳಗ ಸಹಿ ಮಾಡಿ, ಶಿಕ್ಕಾ ಹೊಡದು ಕೊಡ್ರಿ. ಡಾಕ್ಟರ್ ಚೀಟಿ ಜೋಡಿ ಹಚ್ಚಿ ಪ್ರಿನ್ಸಿಪಾಲರಿಗೆ ನಾನ ಕೊಡ್ತೀನಿ."

ಶೇಖರಪ್ಪನವರು ರಿಜಿಸ್ಟರನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದರು. ನಿರಂಜನ ಸರ್ ಕಡೆ ನೋಡಿದರು. ನಿರಂಜನ ಸರ್ ಕೈಯಲ್ಲಿದ್ದ ಇಸ್ತ್ರಿಯ ಗಂಟನ್ನು ನೋಡಿಕೊಂಡರು. ರತ್ನಕ್ಕ ಮೆಲ್ಲಗೆ ಒಂದು ಹೆಜ್ಜೆ ಮುಂದೆ ಬಂದು ದಾಕ್ಷಾಯಣಿಯ ಪಕ್ಕ ನಿಂತಿದ್ದರು.

"ನೋಡಮ್ಮ, ನಾನು ಹೇಳೋದು ಏನಪ್ಪಾ ಅಂದ್ರೆ..." ಎಂದು ಶೇಖರಪ್ಪನವರು ದನಿ ಇಳಿಸಿದರು.

ಅಷ್ಟರಲ್ಲಿ ಮೊದಲ ಗಂಟೆ ಹೊಡೆಯಿತು. ದಾಕ್ಷಾಯಣಿ ಚೀಲದಿಂದ ಲ್ಯಾಬಿನ ಬೀಗದಕೈ ಗೊಂಚಲು ತೆಗೆದಳು. ಖಣದ ದಸ್ತಿಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇವತ್ತ ಪ್ರಾಕ್ಟಿಕಲ್ ಐತ್ರಿ ಸರ್, ಹುಡುಗ್ರು ಕಾಯ್ತಿರ್ತಾರ," ಎಂದು ಅವಳು ನಡೆಯತೊಡಗಿದಳು, ಎಡಗಾಲನ್ನು ಕೊಂಚ ಎಳೆಯುತ್ತ, ತಿರುಗಿ ನೋಡದೆ, "ನಾಳಿ ಮುಂಜಾನಿನೂ ಬಸ್ಸಿಗೆ ಮೊದಲ ನಾನ ಹತ್ತಾಕಿ, ಹತ್ತಿದ ಮ್ಯಾಲ ಅದ ಮೂರನೇ ಸಾಲಿನ್ಯಾಗ ಕುಂದರಾಕಿ."