ಲಾರ್ಡ್ ಸಾಹೇಬರ ಅಜ್ಜಿಯ ಹೆಸರು

ಎಲ್ಕ್ ಗ್ರೋವ್ ವಿಲೇಜ್‌ನ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಇಂಜಿನಿಯರ್ ಆಗಿದ್ದ ನನ್ನನ್ನು, ರಿಸೆಷನ್ ಬಂದ ವರ್ಷ, ಒಂದು ಶುಕ್ರವಾರ ಮನೆಗೆ ಕಳಿಸಿದರು. ಮನೆಯಲ್ಲೇ ಕೂತರೆ ಹೆಂಡತಿಯ ಮೇಲೆ ರೇಗುವುದೊಂದೇ ಕೆಲಸವಾದೀತೆಂದು ಹೆದರಿ, ಮಂಗಳವಾರ ಮಂಗಳವಾರ ಊರಿನ ಲೈಬ್ರರಿಯಲ್ಲಿ ಜನರಿಗೆ ಕಂಪ್ಯೂಟರ್ ಹೇಳಿಕೊಡಲು ಹೋಗತೊಡಗಿದೆ. ಸಂಬಳವಿಲ್ಲ. ಬರುತ್ತಿದ್ದವರಲ್ಲಿ ಹೆಚ್ಚಿನವರು ಕೆಲಸ ಕಳೆದುಕೊಂಡವರು. ಅವರಿಗೆ ರೆಸ್ಯೂಮೆ ತಿದ್ದಿಕೊಡುತ್ತಿದ್ದವನೂ ಕೆಲಸ ಕಳೆದುಕೊಂಡವನೇ. ಕುರುಡನಿಗೆ ಕುರುಡ ದಾರಿ ತೋರಿಸಿದ ಹಾಗೆ.

ಅಲ್ಲಿಗೆ ಬಂದರು ಆ ಮುದುಕರು. ಎಂಬತ್ತರ ಹತ್ತಿರದ ವಯಸ್ಸು, ನಲವತ್ತು ವರ್ಷ ಶಿಕಾಗೋದ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡಿದ ಕೈ. ಕುರ್ಚಿ ಎಳೆದುಕೊಂಡು ಕೂತು, "ನಾನು ಲಾರ್ಡ್ ಅಂತ ಪ್ರೂವ್ ಮಾಡ್ಬೇಕು, ಟೈಪ್ ಮಾಡಿಕೊಡ್ತೀರಾ?" ಎಂದರು. ಅವರು ಇಂಗ್ಲಿಷಿನಲ್ಲಿ ಆಡಿದ್ದನ್ನು ನಮ್ಮ ಮೈಸೂರಿನ ಬಾಯಲ್ಲಿ ಹೇಳುತ್ತಿದ್ದೇನೆ. ಪಾಪ, ತಲೆ ನೆಟ್ಟಗಿಲ್ಲ ಅಂದುಕೊಂಡೆ.

ತಲೆ ನೆಟ್ಟಗೇ ಇತ್ತು. ಅವರದು ಐರ್ಲೆಂಡಿನಲ್ಲಿ ನೆಲೆನಿಂತ ಇಂಗ್ಲಿಷ್ ಜಮೀನ್ದಾರರ ಮನೆತನ. ಯಾವ ಕಾಲದ ದೊರೆಯೋ ಕೊಟ್ಟ ಬಿರುದು ಅಪ್ಪನಿಂದ ಹಿರಿಮಗನಿಗೆ ಇಳಿದು ಬಂದಿತ್ತು. ಅಜ್ಜನ ಕಾಲದಲ್ಲಿ, ಐರ್ಲೆಂಡಿನ ಸ್ವಾತಂತ್ರ್ಯದ ಗಲಾಟೆಯಲ್ಲಿ, ದೊಡ್ಡ ಮನೆ ಸುಟ್ಟುಹೋಯಿತು, ಜಮೀನು ಕರಗಿತು. ಇವರು ಹುಟ್ಟಿದ್ದು ಗೇಟು ಕಾಯುವವನಿಗೆಂದು ಕಟ್ಟಿದ್ದ ಎರಡು ಕೋಣೆಯ ಮನೆಯಲ್ಲಿ. "ಮಳೆ ಬಂದ್ರೆ ಸೋರೋ ಕಡೆಗೆಲ್ಲ ಲಾರ್ಡ್ ಸಾಹೇಬ್ರೇ ಬಕೆಟ್ ಇಡ್ತಿದ್ರು," ಎಂದು ಅಪ್ಪನನ್ನು ನೆನೆದು ನಕ್ಕರು. ಆಮೇಲೆ ಬಿರುದು ಪಡೆದ ಅಣ್ಣ ಮಕ್ಕಳಿಲ್ಲದೆ ತೀರಿಕೊಂಡಿದ್ದ. ಈಗ ಅದು ಇವರದು. ಆದರೆ ಲಂಡನ್ನಿನ ಕಚೇರಿಗೆ ವಂಶಾವಳಿ, ದಾಖಲೆ ಎಲ್ಲ ಕಳಿಸಿ ಸಾಬೀತು ಮಾಡಬೇಕಿತ್ತು.

ಸಂಕಟ ಬೇರೆಯೇ ಇತ್ತು. ಇವರಿಗೆ ಒಬ್ಬಳೇ ಮಗಳು, ಡೆಟ್ರಾಯಿಟ್ ಕಡೆ ನಾರ್ತ್‌ವಿಲ್‌ನಲ್ಲಿ ನರ್ಸ್. ಬಿರುದು ಹೆಣ್ಣುಮಕ್ಕಳಿಗೆ ಇಳಿಯುವುದಿಲ್ಲ. ಅಣ್ಣ ಸತ್ತ ಸುದ್ದಿ ಹೇಳುವಾಗ ಫೋನಿನಲ್ಲಿ ಇವರ ಬಾಯಿಂದ, "ನೀನೊಂದು ಗಂಡಾಗಿದ್ದಿದ್ರೆ" ಎಂಬ ಮಾತು ಜಾರಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಲ್ಕು ತಿಂಗಳಿಂದ ಅವಳು ಫೋನ್ ಎತ್ತಿರಲಿಲ್ಲ. "ಲಾರ್ಡ್‌ಗಿರಿ ಬರ್ಲಿ ಬಿಡ್ಲಿ, ಅವಳು ಬಂದ್ರೆ ಸಾಕು," ಎಂದರು.

ವಂಶಾವಳಿ ಹೇಳಲು ಶುರುಮಾಡಿದರು. ಅಪ್ಪ, ಅಜ್ಜ, ಮುತ್ತಜ್ಜ, ಅವರಪ್ಪ ಎಂದು ಹನ್ನೊಂದು ತಲೆಮಾರು, ಒಂದೇ ಉಸಿರಿಗೆ. ನನ್ನ ಕೈ ನಿಂತುಹೋಯಿತು. ಮಹಾಲಯ ಅಮಾವಾಸ್ಯೆಯ ತರ್ಪಣದಲ್ಲಿ ನಾವು ಅಪ್ಪ, ಅಜ್ಜ, ಮುತ್ತಜ್ಜನಿಗೆ ಎಳ್ಳುನೀರು ಬಿಟ್ಟ ಮೇಲೆ ಅಮ್ಮ, ಅಜ್ಜಿ, ಮುತ್ತಜ್ಜಿಗೂ ಹೆಸರು ಹಿಡಿದು ಬಿಡುತ್ತೇವೆ. ಆಮೇಲೆ ತಾಯಿಯ ತೌರಿನವರಿಗೆ. ಹೆಂಗಸರಿಲ್ಲದ ವಂಶಾವಳಿ ಬರೆಯಲು ನನಗೆ ಬರಲೇ ಇಲ್ಲ.

"ಅಮ್ಮಂದಿರ ಹೆಸರು ಹೇಳಿ," ಎಂದೆ.

"ಅದನ್ನ ಲಂಡನ್ನಿನವರು ಕೇಳಿಲ್ಲ."

"ನಾನು ಕೇಳ್ತಿದೀನಲ್ಲ."

ನಾಲ್ಕು ಮಂಗಳವಾರ ಹಿಡಿಯಿತು. ಲಂಡನ್ನಿಗೆ ಬೇಕಾದದ್ದು ಒಂದು ಹಾಳೆ, ನನ್ನ ಹಟದ್ದು ಇನ್ನೊಂದು. ನನ್ನ ಹಾಳೆಯಲ್ಲಿ ಗೊತ್ತಿದ್ದಷ್ಟು ತಲೆಮಾರಿನ ಹೆಂಗಸರನ್ನೆಲ್ಲ ಬರೆದದ್ದಾಯಿತು. ಒಂದು ಚೌಕ ಮಾತ್ರ ಖಾಲಿ ಉಳಿಯಿತು: ಅವರ ತಾಯಿಯ ತಾಯಿ. ಆಕೆ ಸುಟ್ಟುಹೋದ ಅದೇ ದೊಡ್ಡ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದವಳಂತೆ. ಬಟ್ಟೆ ಒಗೆಯುವವಳ ಮಗಳು ಲಾರ್ಡ್ ಸಾಹೇಬರ ಸೊಸೆಯಾದದ್ದು ಮನೆಯಲ್ಲಿ ಯಾರೂ ಎತ್ತದ ಮಾತು. "ಅಜ್ಜಿ ಅಂತ ಕರೀತಿದ್ದೆ. ಹೆಸರೇನು ಅಂತ ಕೇಳ್ಲೇ ಇಲ್ಲ," ಎಂದು ತಲೆ ತಗ್ಗಿಸಿದರು.

ಆ ಸಂಜೆ ಊಟಕ್ಕೆ ಕೂತು ನಾನು ದೊಡ್ಡ ಭಾಷಣ ಬಿಗಿದೆ. ಮಗಳಿಗೆ ಇಲ್ಲವಂತೆ, ಇದೆಂಥ ಕಾನೂನು, ಈ ಲಾರ್ಡುಗಳೂ ದೊಡ್ಡ ಮನುಷ್ಯರೇ ಎಂದೆಲ್ಲ. ನನ್ನ ಹತ್ತು ವರ್ಷದ ಮಗಳು ಎಂದಿನಂತೆ ಇಂಗ್ಲಿಷಿನಲ್ಲೇ ಕೇಳಿದಳು: "ಅಪ್ಪಾ, ವಾಟ್ ಅಬೌಟ್ ಅವರ್ ವಾಟರ್ ಥಿಂಗ್? ಹೂ ಡಸ್ ಇಟ್ ಆಫ್ಟರ್ ಯೂ?"

ಅವಳು ಕೇಳಿದ್ದು ತರ್ಪಣದ ಮಾತು. ನಮ್ಮಲ್ಲೂ ತರ್ಪಣ ಗಂಡುಮಕ್ಕಳದೇ. ನನಗಿರುವವಳೂ ಇವಳೊಬ್ಬಳೇ. "ನೀನಾದ ಮೇಲೆ ನಮಗೆಲ್ಲ ಯಾರೋ ನೀರು ಬಿಡೋದು?" ಎಂದು ನಮ್ಮಮ್ಮ ಸಾಯುವ ತನಕ ಹಲುಬಿದ್ದಳು, ನಾನು ಹೂಂಗುಟ್ಟಿದ್ದೆ. ನಿಜವಾಗಿ ನಾಚಿಕೆಯಾಯಿತು.

ಮುಂದಿನ ಮಂಗಳವಾರ ಮುದುಕರಿಗೆ ಇದನ್ನೆಲ್ಲ ಹೇಳಿಕೊಂಡೆ. "ಲಂಡನ್ ಆಮೇಲಾಗ್ಲಿ. ಹೆಂಗಸರ ಹಾಳೆ ಮೊದ್ಲು ಮಗಳಿಗೆ ಕಳಿಸಿ, ಖಾಲಿ ಇರೋದು ಖಾಲಿನೇ ಇರ್ಲಿ," ಎಂದೆ. ಅವರು ಪೆನ್ನು ತೆಗೆದು ಹಾಳೆಯ ಅಂಚಿನಲ್ಲಿ ಬರೆದರು: "ಈ ಹೆಸರು ನನಗೆ ಗೊತ್ತಿಲ್ಲ. ನಿನಗೆ ಗೊತ್ತೇ? ನಾನು ಆಡಿದ್ದು ತಪ್ಪು." ಲಂಡನ್ನಿನ ಲಕೋಟೆ ಕೋಟಿನ ಜೇಬಿಗೆ ವಾಪಸು ಹೋಯಿತು.

ಎರಡು ವಾರ ಏನೂ ಇಲ್ಲ. ಮುದುಕರು ಬಂದು ಕೂತು, ಕೆಲಸವಿಲ್ಲದಿದ್ದರೂ ಬಾಗಿಲನ್ನೇ ನೋಡುತ್ತಿದ್ದರು. ಕೆಟ್ಟ ಸಲಹೆ ಕೊಟ್ಟೆನೇನೋ ಎಂದು ನನಗೂ ಕಳವಳ.

ಮೂರನೆಯ ಮಂಗಳವಾರ, ಆಸ್ಪತ್ರೆಯ ಬಿಳಿ ಬೂಟು ಹಾಕಿದ್ದ ಎತ್ತರದ ಹೆಂಗಸೊಬ್ಬಳು ನೇರ ನಮ್ಮ ಟೇಬಲಿಗೆ ಬಂದಳು. ನಾರ್ತ್‌ವಿಲ್‌ನಿಂದ ಐದು ಗಂಟೆ ಡ್ರೈವ್ ಮಾಡಿ ಬಂದಿದ್ದಳು. ಅಪ್ಪನಿಗೆ ಹಲೋ ಕೂಡ ಅನ್ನದೆ ಹಾಳೆ ಹರಡಿ, ನನ್ನ ಪೆನ್ನು ಕಿತ್ತುಕೊಂಡು, ಖಾಲಿ ಚೌಕದಲ್ಲಿ ಒಂದು ಹೆಸರು ಬರೆದಳು. ಮುದುಕರು ಕನ್ನಡಕ ಹಾಕಿಕೊಂಡು ಓದಿದರು.

"ಇದು ನಿನ್ನ ಮಿಡ್ಲ್ ನೇಮ್ ಅಲ್ವಾ?"

"ನಾನು ಹುಟ್ಟಿದಾಗ ಅಜ್ಜಿ, ಅಂದ್ರೆ ನಿನ್ನಮ್ಮ, ಕಾಗದ ಬರೆದು ಇಡ್ಸಿದ್ದು. ಯಾಕೆ ಅಂತ ನೀನು ಯಾವತ್ತಾದ್ರೂ ಕೇಳಿದ್ಯಾ? ಅದು ಅವರಮ್ಮನ ಹೆಸರು." ಅವಳ ದನಿ ಮೆತ್ತಗಾಯಿತು. "ನಿನ್ನ ಬಿರುದು ನಂಗೆ ಬರಲ್ಲ ಅಪ್ಪ. ಇದು ಆಗ್ಲೇ ಬಂದಿದೆ."

ಮುದುಕರು ಅತ್ತರು, ಟೋಪಿ ಕೂಡ ತೆಗೆಯದೆ. ನಾನು ಎದ್ದು ಪ್ರಿಂಟರ್ ನೋಡಲು ಹೋದೆ. ಪ್ರಿಂಟರಿಗೆ ಏನೂ ಆಗಿರಲಿಲ್ಲ.

ಲಂಡನ್ನಿನ ಲಕೋಟೆಯನ್ನು ಆ ದಿನ ಅಂಚೆಗೆ ಹಾಕಿದವಳು ಅವಳೇ. "ಇರೋದನ್ನ ಯಾಕೆ ಬಿಡ್ಬೇಕು?" ಎಂದಳಂತೆ. ನನಗೆ ಕೆಲಸ ಸಿಗಲು ಇನ್ನೂ ಆರು ತಿಂಗಳು ಹಿಡಿಯಿತು.

ಆ ಸೆಪ್ಟೆಂಬರಿನ ಅಮಾವಾಸ್ಯೆಗೆ ನಾನಿನ್ನೂ ನಿರುದ್ಯೋಗಿ. ಅಡುಗೆಮನೆಯಲ್ಲಿ ಹಿತ್ತಾಳೆ ಬಟ್ಟಲು, ಎಳ್ಳು ಇಟ್ಟುಕೊಂಡು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. "ನೀರು ನಾನೇ ಬಿಡ್ತೀನಿ ಕಣೇ, ನಾನಿನ್ನೂ ಬದುಕಿದೀನಿ. ಹೆಸರು ನೀನು ಓದು," ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹಾಳೆ ಕೊಟ್ಟೆ. ಗಂಡಸರ ಹೆಸರು ಸಲೀಸಾಗಿ ಓದಿದಳು. ನಮ್ಮಮ್ಮನ ಹೆಸರು ಬಂದಾಗ ತಡವರಿಸಿ, ನಿಂತು, ನನ್ನ ಬಾಯಿ ನೋಡಿ, ಮತ್ತೆ ಮೊದಲಿಂದ ಸರಿಯಾಗಿ ಓದಿದಳು.