ದನಿಯೊಳಗಿನ ಒಗ್ಗರಣೆ

ನನ್ನ ಕಿಟಕಿಕಟ್ಟೆಯ ಮೇಲೊಂದು ಹಳೆಯ ರೇಡಿಯೋ ಇದೆ. ಮುಳ್ಳು ಓಡಾಡುವ ಗಾಜಿನ ಮೇಲೆ ಒಂದು ಕಡೆ ಕುಂಕುಮದ ಬೊಟ್ಟು. ಧೂಳು ಒರೆಸುವಾಗ ಅದನ್ನೊಂದು ಬಿಟ್ಟು ಒರೆಸುತ್ತೇನೆ. ನಿಮಗೆ ನಗು ಬರಬಹುದು. ಆ ಬೊಟ್ಟಿನ ಮುಂದೆ ನಾನು ತಪ್ಪಿತಸ್ಥ.

ಕೊರೋನಾ ಬಂದು ನ್ಯೂವೆಗೈನ್ ಎಂಬ ಡಚ್ ಊರಿನ ನಮ್ಮ ಆಫೀಸಿಗೆ ಬೀಗ ಬಿದ್ದ ಮೇಲೆ ನಾನು ರೇಡಿಯೋದವನಾದೆ. ನಮ್ಮ ಬೀದಿಯ ಹೆಂಕ್ ಎಂಬ ನಿವೃತ್ತರು ಹಿತ್ತಲಿನ ಶೆಡ್ಡಿನಿಂದ ಪುಟ್ಟದೊಂದು ಎಎಂ ನಿಲಯ ನಡೆಸುತ್ತಿದ್ದರು. ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಕನ್ನಡಕ್ಕೆ ಕೊಟ್ಟರು. ಮೈಸೂರಿನವನಿಗೆ ಮಾತಾಡಲು ಹೇಳಿಕೊಡಬೇಕೆ? ಕಾರ್ಯಕ್ರಮ ಕೇಳಿದವರು ಅಂಚೆಯಲ್ಲಿ ಒಂದು ಕಾರ್ಡು ಹಾಕಬೇಕು ಎಂಬುದಷ್ಟೇ ಹೆಂಕ್‌ರ ನಿಯಮ.

ಕನ್ನಡದ ಕಾರ್ಡು ಬರುತ್ತಿದ್ದುದು ಒಂದೇ ಮನೆಯಿಂದ, ನದಿ ದಾಟಿ ಇನ್ನೂ ಬಹಳ ದೂರದಲ್ಲಿದ್ದ ಊರಿನಿಂದ. ಮಗಳನ್ನು ನೋಡಲು ಧಾರವಾಡದಿಂದ ಬಂದು, ವಿಮಾನ ನಿಂತು ಸಿಕ್ಕಿಕೊಂಡಿದ್ದ ಶಾಂತವ್ವ ಪ್ರತಿ ವಾರ ಬರೆಯುತ್ತಿದ್ದರು. “ತಮ್ಮಾ, ನಿನ್ನ ದನಿ ಒಗ್ಗರಣಿ ಚಟಪಟ ಅಂದಂಗ ಕೇಳಸ್ತದ. ಮನ್ಯಾಗ ಯಾರೋ ಅಡಗಿ ಮಾಡ್ಲಿಕ್ಕತ್ತಂಗ ಅನಸ್ತದ.”

ನನಗೋ ಎಎಂ ಅಲೆಯ ಆ ಚಟಪಟವೇ ಅವಮಾನ. ಅಷ್ಟರಲ್ಲಿ ಹೆಂಕ್‌ಗೆ ಒಂದು ಎಫ್‌ಎಂ ಪೆಟ್ಟಿಗೆ ಬಂತು. ಎಎಂ ಜೊತೆಗೆ ಎಫ್‌ಎಂನಲ್ಲೂ ಬಿತ್ತರಿಸುವ ಯಂತ್ರ. ದನಿ ಸ್ವಚ್ಛ, ಆದರೆ ನಮ್ಮ ಊರು ದಾಟದು. ಐಟಿಯವನ ಬುದ್ಧಿ, ಸುಮ್ಮನಿರುತ್ತದೆಯೇ? “ಕನ್ನಡ ಎಫ್‌ಎಂನಲ್ಲಿ ಮಾತ್ರ ಸಾಕು, ಆ ಹೊತ್ತಿಗೆ ಎಎಂನಲ್ಲಿ ನಿಮ್ಮ ಚರ್ಚಿನ ಹಾಡು ಹಾಕಿ” ಎಂದೆ. ಹೆಂಕ್ ಗಲ್ಲ ಕೆರೆದುಕೊಂಡು ಕೇಳಿದರು, “ಕಾರ್ಡಿನ ಅಜ್ಜಿ?” ನಾನು ಬದಲಾವಣೆಯನ್ನು ಪ್ರಕಟಿಸುತ್ತೇನೆ ಎಂದೆ. ಪ್ರಕಟಿಸಿದೆ ಕೂಡ. ಮುಂದಿನ ಭಾನುವಾರ, ಎಫ್‌ಎಂನಲ್ಲಿ!

ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ “ಸೂಪರ್ ಕ್ಲಿಯರ್ ಗುರು” ಎಂದು ಹೊಗಳಿದ್ದೇ ಹೊಗಳಿದ್ದು. ಕಾರ್ಡು ನಿಂತಿತು. ವಿಮಾನಗಳು ಶುರುವಾಗಿದ್ದವಲ್ಲ, ಊರಿಗೆ ಹೋಗಿರಬೇಕು ಎಂದುಕೊಂಡೆ. ವಿಳಾಸ ನನ್ನ ಹತ್ತಿರವೇ ಇತ್ತು. ಎರಡು ಸಾಲು ಗೀಚಿ ಹಾಕಬಹುದಿತ್ತು. ಹಾಕಲಿಲ್ಲ.

ಕೊರೋನಾ, ನಿಲಯ ಎಲ್ಲ ಮುಗಿದ ಮೇಲೆ, ಹೋದ ತಿಂಗಳು, ಗುಂಪಿನಲ್ಲಿ ಯಾರೋ ಹಳೆಯ ರೇಡಿಯೋ ಬೇಕಾದವರು ಒಯ್ಯಿರಿ ಎಂದು ಹಾಕಿದ್ದರು. ಹೋದೆ. ಕೊಟ್ಟವರು ಶಾಂತವ್ವನ ಮಗಳು ಗಿರಿಜಾ. ಬೊಟ್ಟು ಇದ್ದದ್ದು ನಮ್ಮ ನಿಲಯದ ಜಾಗದಲ್ಲಿ. ನಾನು ಯಾರೆಂದು ಹೇಳಿದೆ.

“ನೀವು ಇದ್ದೀರೇನ್ರೀ! ನಿಮ್ಮ ಮಾತು ನಿಂತ ಮ್ಯಾಲೂ ಅವ್ವ ಊರಿಗೆ ಹೋಗೋತನಕ ಪ್ರತಿ ಐತ್ವಾರ ಈ ರೇಡಿಯೋ ಮುಂದ ಕೂಡ್ತಿದ್ಲು, ಅರ್ಧ ತಾಸು ಚರ್ಚಿನ ಹಾಡು ಕೇಳ್ಕೋತ. ಕಾರ್ಡ್ ಹಾಕಿ ಕೇಳು ಅಂದ್ರ ಬ್ಯಾಡ ಅಂದ್ಲು. ‘ಆ ಹುಡುಗಗ ರೋಗ ಬಂತೋ ಏನೋ, ಕೆಟ್ಟ ಸುದ್ದಿ ಬಂದ್ರ ನಾ ತಡಕೊಳ್ಳಂಗಿಲ್ಲ’ ಅಂದ್ಲು. ಇವತ್ತಿಗೂ ಐತ್ವಾರ ನಿಮ್ಮ ಹೆಸರಿಲೆ ದೀಪ ಹಚ್ತಾಳ್ರೀ.”

ಅಲ್ಲಿಂದಲೇ ಧಾರವಾಡಕ್ಕೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು.

“ಅವ್ವಾ, ನಾನು... ರೇಡಿಯೋದವನು. ಚೆನ್ನಾಗಿದ್ದೀನಿ.”

ಆ ಕಡೆಯಿಂದ ಮೆತ್ತಗೆ, “ಗಿರಿಜಾ ಹೇಳಿಸ್ಲಿಕ್ಕತ್ತಾಳೇನಪಾ? ಆಕಿಗೆ ನನ್ನ ಮ್ಯಾಲೆ ಭಾಳ ಕಾಳಜಿ. ನೀ ಅವ ಅಲ್ಲ ಬಿಡು. ಅವನ ದನ್ಯಾಗ ಒಗ್ಗರಣಿ ಇತ್ತು.”

ಎಷ್ಟು ಹೇಳಿದರೂ ನಂಬಲಿಲ್ಲ. ನನಗೇ ಆಶೀರ್ವಾದ ಮಾಡಿ ಫೋನಿಟ್ಟರು.

ಹೆಂಕ್ ಈಗಿಲ್ಲ, ಶೆಡ್ಡಿನಲ್ಲಿ ಸೈಕಲ್‌ಗಳಿವೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ನನ್ನದೂ ಅದೇ. ಆದರೂ ಇವತ್ತು ರೇಡಿಯೋವನ್ನು ಬೊಟ್ಟಿಗೆ ತಿರುಗಿಸಿದೆ. ಬರಿಯ ಚಟಪಟ. ಧಾರವಾಡಕ್ಕೆ ಕಳಿಸಲೆಂದು ಫೋನಿನ ರೆಕಾರ್ಡರ್ ಒತ್ತಿ, ಆ ಚಟಪಟಕ್ಕೆ ಬಾಯಿ ಹತ್ತಿರ ತಂದು, ಹಿಂದೆ ಪ್ರತಿ ವಾರ ಶುರು ಮಾಡುತ್ತಿದ್ದ ಹಾಗೆಯೇ ಶುರು ಮಾಡಿದೆ: “ಕೇಳುತ್ತಿರುವ ಎಲ್ಲರಿಗೂ ನಮಸ್ಕಾರ. ಶಾಂತವ್ವನಿಗೆ ಮೊದಲು.”