ಅಪ್ಪ ಹೇಳಿದ್ದು, ನಾನು ಬರೆದದ್ದು

ಮೊನ್ನೆ ಒಂದು ಹೊಸ ಟವೆಲ್ಲನ್ನು ಬಕೆಟ್ಟಿನಲ್ಲಿ ನೆನೆಹಾಕಿದ್ದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ನೀರೆಲ್ಲ ಕೆಂಪು. ಬಣ್ಣ ಬಿಡುವ ಬಟ್ಟೆ ಯಾರ ಮನೆಗೆ ಬರುವುದಿಲ್ಲ ಹೇಳಿ? ಅಂಗಡಿಯವನಿಗೆ ನಾಲ್ಕು ಮಾತು ಬೈದು, ನೀರು ಚೆಲ್ಲಿ, ಇನ್ನೊಂದು ಸಲ ಜಾಲಿಸಿದರೆ ಮುಗಿಯಿತು. ನಾನು ಮಾತ್ರ ಬಚ್ಚಲಿನ ಸ್ಟೂಲಿನ ಮೇಲೆ ಹಾಗೇ ಕೂತುಬಿಟ್ಟೆ. ಒದ್ದೆ ನೂಲಿನ, ಬಣ್ಣದ ಆ ಕಮಟು ವಾಸನೆ ಮೂಗಿಗೆ ಬಡಿದು ಎದೆ ಡವಡವ ಅನ್ನುತ್ತಿತ್ತು. ಸೊಸೆ ಬಂದು ನೋಡಿ, “ಏನತ್ತೆ ಇದು, ಒಂದು ಟವೆಲ್ಲಿಗೆ ಇಷ್ಟು ಗಾಬರಿನಾ? ಬಿಡಿ, ನಾನು ನೋಡ್ಕೋತೀನಿ” ಅಂದಳು.

ಅವಳದೇನೂ ತಪ್ಪಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ವ್ಯಾಕರಣ ಹೇಳಿಕೊಟ್ಟು ನಿವೃತ್ತಳಾಗಿ, ದೀಪಾಂಜಲಿ ನಗರದ ಈ ಮನೆಯಲ್ಲಿ ಎಲ್ಲರ ಮಾತಿನಲ್ಲೂ ತಪ್ಪು ಹುಡುಕುತ್ತ ಕೂರುವ ಮುದುಕಿ ನಾನು. ನನಗೂ ಬಣ್ಣದ ನೀರಿಗೂ ಏನು ಸಂಬಂಧ? ಸಂಬಂಧ ಇದೆ. ಸ್ವಲ್ಪ ಪುರುಸೊತ್ತು ಮಾಡಿಕೊಳ್ಳಿ, ಹೇಳುತ್ತೇನೆ.

ಐವತ್ತರ ದಶಕದ ನಡುವಿನ ಮಾತು. ನಮ್ಮೂರು ಹೆಗ್ಗನಹಳ್ಳಿ. ಈಗ ಅಲ್ಲಿ ಗೋಡೆಗೆ ಗೋಡೆ ತಾಗಿ ಮನೆಗಳಿವೆ. ಆಗ ಬರೀ ರಾಗಿ ಹೊಲ. ಅತ್ತ ರಾಜಾಜಿನಗರದಲ್ಲಿ ಸೈಟಿನ ಕಲ್ಲು ನೆಡುತ್ತಿದ್ದರು, ಮನೆಗಳಿಗಿಂತ ಕಲ್ಲುಗಳೇ ಹೆಚ್ಚು ಕಾಣುತ್ತಿದ್ದವು. ನಮ್ಮ ಹೊಲ ದೊಡ್ಡಪ್ಪನ ಸುಪರ್ದಿಯಲ್ಲಿತ್ತು. ಅಪ್ಪ ಮಾಗಡಿ ರಸ್ತೆ ಕಡೆಯ ಒಂದು ಸಣ್ಣ ನೇಯ್ಗೆ ಮಿಲ್ಲಿಗೆ ಸೈಕಲ್ ತುಳಿದುಕೊಂಡು ಹೋಗುತ್ತಿದ್ದರು. ನೂಲಿನ ಗೋಡೌನಿನ ಉಸ್ತುವಾರಿ ಅವರದು. ಬೆಳಿಗ್ಗೆ ಬೀಗ ತೆಗೆಯುವುದು, ಬಂದ ಬೇಲುಗಳನ್ನು, ಅಂದರೆ ನೂಲಿನ ದೊಡ್ಡ ಕಟ್ಟುಗಳನ್ನು ಜೋಡಿಸುವುದು, ಸಂಜೆ ಬೀಗ ಹಾಕುವುದು. ಆ ಬೀಗದ ಕೈ ಸೊಂಟದಲ್ಲಿದ್ದರೆ ಅಪ್ಪನ ನಡಿಗೆಯೇ ಬೇರೆ. ಅವರು ಕನ್ನಡವನ್ನು ಬೆರಳಿಟ್ಟುಕೊಂಡು ನಿಧಾನವಾಗಿ ಓದುತ್ತಿದ್ದರು. ಇಂಗ್ಲಿಷ್ ಒಂದಕ್ಷರವೂ ಬರುತ್ತಿರಲಿಲ್ಲ.

ನನಗೆ ಬರುತ್ತಿತ್ತು! ಕನಿಷ್ಠ ಹಾಗಂತ ಊರೆಲ್ಲ ಸಾರಿಕೊಂಡಿದ್ದೆ. ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಶುರುವಾಗಿ ಮೂರನೇ ವರ್ಷ. ನಮ್ಮ ಇಂಗ್ಲಿಷ್ ಮೇಷ್ಟ್ರು ಒಳ್ಳೆಯವರು, ಆದರೆ ನಿಯಮಗಳ ಹುಚ್ಚು. ಗೋ, ವೆಂಟ್, ಗಾನ್ ಎಂದು ನಾವು ರಾಗವಾಗಿ ಒದರಬೇಕು. ಎಂಟು ಬಗೆಯ ಪದಗಳು ಯಾವುವು, ವವೆಲ್ಲಿಗೆ ಮುಂಚೆ ‘ಆ್ಯನ್’ ಯಾಕೆ, ಅವನು ಅವಳು ಬಂದಾಗ ಕ್ರಿಯಾಪದಕ್ಕೆ ‘ಎಸ್’ ಯಾಕೆ, ಎಲ್ಲ ಬಾಯಿಪಾಠ. ಅವರಿಗೆ ತುಂಬ ಇಷ್ಟವಾದ ಪಾಠವೆಂದರೆ ಪದಗಳ ಸಂಸಾರ. ಬೋರ್ಡಿನ ಮೇಲೆ ಒಂದು ಸಣ್ಣ ಪದ ಬರೆದು, “ಇದು ಮನೆ ಯಜಮಾನ ಕಣ್ರೋ. ಇವನ ಹೆಂಡ್ತಿ ಯಾರು, ಮಕ್ಕಳು ಯಾರು, ಮೊಮ್ಮಕ್ಕಳು ಯಾರು ಹೇಳಿ” ಅನ್ನುವರು. ಕೇರ್ ಯಜಮಾನ ಅಂದುಕೊಳ್ಳಿ. ಬಾಲಕ್ಕೆ ಫುಲ್ ಸೇರಿಸಿದರೆ ಒಬ್ಬ ಮಗ, ಲೆಸ್ ಸೇರಿಸಿದರೆ ಇನ್ನೊಬ್ಬ, ಅದಕ್ಕೂ ನೆಸ್ ಅಂಟಿಸಿದರೆ ಮೊಮ್ಮಗ. ಪದ ಉದ್ದವಾದಷ್ಟೂ ನನಗೆ ಆನಂದ. ನಾನು ಶಾಲೆಯಿಂದ ಬರುವಾಗ ಈ ಸಂಸಾರಗಳನ್ನೆಲ್ಲ ಜೋರಾಗಿ ಕೂಗುತ್ತ ಬಂದರೆ ದಾರಿಯ ಎಮ್ಮೆಗಳೂ ಕತ್ತೆತ್ತಿ ನೋಡುತ್ತಿದ್ದವು. ಆದರೆ ಯಾರಾದರೂ ‘ನಿನ್ನೆ ಏನಾಯಿತು, ಇಂಗ್ಲಿಷ್‌ನಲ್ಲಿ ಹೇಳು’ ಅಂದಿದ್ದರೆ ನನ್ನ ಬಂಡವಾಳ ಅಲ್ಲೇ ಬಯಲಾಗುತ್ತಿತ್ತು. ಅದೃಷ್ಟಕ್ಕೆ ಊರಿನಲ್ಲಿ ಹಾಗೆ ಕೇಳುವವರು ಯಾರೂ ಇರಲಿಲ್ಲ.

ಹೀಗಿರುವಾಗ ಒಂದು ಶನಿವಾರ ಸಂಜೆ ಅಪ್ಪ ಸೈಕಲ್ಲನ್ನು ತುಳಿಯದೆ ತಳ್ಳಿಕೊಂಡು ಬಂದರು. ಮುಖ ಸಪ್ಪಗಿತ್ತು. ಊಟದ ಡಬ್ಬಿಯ ಮುಚ್ಚಳ ತೆಗೆದು ಒಳಗಿಂದ ಒಂದು ಮಡಿಸಿದ ಕಾಗದ ತೆಗೆದರು. “ಮೆಮೊ ಕೊಟ್ಟವ್ರೆ” ಅಂದರು. ಅವ್ವ ಹಾಗೇ ಕುಸಿದು ಕೂತಳು. ಮೆಮೊ ಅಂದರೆ ಏನೆಂದು ನಮಗೆ ಗೊತ್ತಿತ್ತು. ಹಿಂದಿನ ವರ್ಷ ಅದೇ ಮಿಲ್ಲಿನಲ್ಲಿ ಮೆಮೊ ಬಂದ ಇಬ್ಬರು ತಿಂಗಳು ತುಂಬುವುದರೊಳಗೆ ಕೆಲಸ ಕಳೆದುಕೊಂಡಿದ್ದರು.

ಆಗಿದ್ದು ಇಷ್ಟು. ಅದಕ್ಕೆ ನಾಲ್ಕು ದಿನ ಹಿಂದೆ ಅವ್ವನಿಗೆ ಹೊಟ್ಟೆನೋವು ವಿಪರೀತವಾಗಿ, ಅಪ್ಪ ಅವಳನ್ನು ಗಾಡಿಯಲ್ಲಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ದಾರಿಯಲ್ಲಿ ಮಿಲ್ಲಿನ ಹತ್ತಿರ ಗಾಡಿ ನಿಲ್ಲಿಸಿ, ಸ್ಟೋರ್ ಕೀಪರ್ ಕೈಗೆ ಗೋಡೌನಿನ ಬೀಗದ ಕೈ ಕೊಟ್ಟು, ಬಾಯಿಮಾತಿನಲ್ಲಿ ರಜ ಹೇಳಿ ಹೋಗಿದ್ದರು. ಆವತ್ತು ಮಧ್ಯಾಹ್ನ ಯಾರೋ ಗೋಡೌನಿನ ಬಾಗಿಲು ತೆರೆದು ಹಾಗೇ ಬಿಟ್ಟರು. ಜಡಿಮಳೆ ನುಗ್ಗಿ ಬೇಲುಗಟ್ಟಲೆ ನೂಲು ನೆಂದುಹೋಯಿತು. ಸ್ಟೋರ್ ಕೀಪರ್ ಮಾತ್ರ ಬೀಗದ ಕೈ ತನಗೆ ಕೊಟ್ಟೇ ಇಲ್ಲ ಎಂದುಬಿಟ್ಟರು. ಮೂರು ದಿನದೊಳಗೆ ಅಪ್ಪ ಸಮಜಾಯಿಷಿ ಬರೆದುಕೊಡಬೇಕು, ಅದೂ ಇಂಗ್ಲಿಷ್‌ನಲ್ಲಿ. ಆಫೀಸಿನಲ್ಲಿ ಬೇರೆ ಭಾಷೆಯ ಕಾಗದ ತೆಗೆದುಕೊಳ್ಳುತ್ತಿರಲಿಲ್ಲ.

“ಶಾನುಭೋಗರ ಹತ್ರ ಬರೆಸಿ” ಅಂದಳು ಅವ್ವ.

“ಮೆಮೊ ಬಂದಿರೋದು ಊರಿಗೆಲ್ಲ ಗೊತ್ತಾಗ್ಲಿ ಅಂತಲಾ? ಮನೇಲೇ ಇಂಗ್ಲೀಷ್ ಓದೋಳು ಇರೋವಾಗ ಇನ್ನೊಬ್ಬರ ಬಾಗ್ಲಿಗೆ ಯಾಕೆ ಹೋಗ್ಲಿ?” ಎಂದು ಅಪ್ಪ ನನ್ನ ಕಡೆ ತಿರುಗಿದರು. “ಬರೀತೀಯಲ್ವೇನವ್ವ?”

“ಓ, ಬರೀತೀನಿ” ಅಂದೆ. ಅಯ್ಯೋ, ನನ್ನ ನಾಲಿಗೆಯೇ!

ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಚಾಪೆ ಹಾಸಿ, ಮಸಿ ಕುಡಿಕೆ, ನಿಬ್ಬಿನ ಪೆನ್ನು, ಗೆರೆ ಹಾಕಿದ ಕಾಗದ ಎಲ್ಲ ಜೋಡಿಸಿದ್ದಾಯಿತು. ಅಪ್ಪ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ನನ್ನೆದುರು ಚಕ್ಕಂಬಕ್ಕಳ ಹಾಕಿ ಕೂತರು. ರಾತ್ರಿಯೆಲ್ಲ ಯೋಚಿಸಿದ್ದರೆಂದು ಕಾಣುತ್ತದೆ, ಒಂದೊಂದೇ ಮಾತನ್ನು ಅಳೆದು ಸುರಿದು ಹೇಳಿದರು. “ಆವತ್ತು ನಾನು ಮಿಲ್ಲಲ್ಲಿ ಇರ್ಲಿಲ್ಲ. ನನ್ನ ಹೆಂಡ್ತಿಗೆ ಮೈಗೆ ಹುಷಾರಿರ್ಲಿಲ್ಲ, ಆಸ್ಪತ್ರೆಗೆ ಹೋಗಿದ್ದೆ. ಹೋಗೋಕೆ ಮುಂಚೆ ಬೀಗದ ಕೈ ಸ್ಟೋರ್ ಕೀಪರ್‌ಗೆ ಒಪ್ಪಿಸಿದ್ದೆ. ಬಾಗ್ಲು ತೆಗ್ದೋನು ನಾನಲ್ಲ. ನೂಲು ನೆಂದಿದ್ದಕ್ಕೆ ನನಗೂ ಸಂಕಟ ಐತೆ, ಆದ್ರೆ ತಪ್ಪು ನಂದಲ್ಲ.”

ನಾನು ಪೆನ್ನು ಅದ್ದಿದೆ. ಮೊದಲ ಸಾಲಿಗೇ ಕೈ ನಿಂತಿತು. ‘ಒಪ್ಪಿಸಿದ್ದೆ’ಗೆ ಏನನ್ನಬೇಕು? ಹುಷಾರಿಲ್ಲದ್ದು ನನಗಲ್ಲ, ಹೆಂಡತಿಗೆ ಎಂದು ಹೇಗೆ ಬರೆಯುವುದು? ಕ್ರಿಯಾಪದದ ಮೂರು ರೂಪ ಗೊತ್ತು, ಆದರೆ ಯಾವ ಕ್ರಿಯಾಪದ ಅಂತಲೇ ಗೊತ್ತಿಲ್ಲ. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ‘ನನಗೆ ಬರಲ್ಲಪ್ಪ’ ಎಂಬ ಎರಡು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಹೇಳಲು ನಾಚಿಕೆಯಾಯಿತು.

ನನಗೆ ಪೂರ್ತಿ ಬರುತ್ತಿದ್ದ ಪತ್ರಗಳು ಎರಡೇ. ಜ್ವರ ಬಂದಾಗ ಬರೆಯುವ ರಜಾಚೀಟಿ ಒಂದು. ಇನ್ನೊಂದು, ಶಾಲೆಯ ಕಿಟಕಿ ಗಾಜು ಒಡೆದ ಹುಡುಗ ಹೆಡ್‌ಮಾಸ್ಟರಿಗೆ ಬರೆಯುವ ಕ್ಷಮಾಪಣೆ ಪತ್ರ. ಮೇಷ್ಟ್ರು ಅದನ್ನು ನಮ್ಮಿಂದ ಇಪ್ಪತ್ತು ಸಲ ಬರೆಸಿದ್ದರು. ನಾನು ಅದನ್ನೇ ಶುರು ಮಾಡಿದೆ. ಹೆಡ್‌ಮಾಸ್ಟರ್ ಇದ್ದ ಕಡೆ ಮ್ಯಾನೇಜರ್, ಗಾಜು ಇದ್ದ ಕಡೆ ನೂಲು. ನಡುವೆ ‘ಕೇರ್‌ಲೆಸ್‌ನೆಸ್’ ಎಂಬ ಆ ಉದ್ದದ ಮೊಮ್ಮಗ ಪದವನ್ನೂ ಜಂಬಕ್ಕೆ ತುರುಕಿದೆ: ನನ್ನ ಅಜಾಗರೂಕತೆಯಿಂದ ಹೀಗಾಯಿತು, ದಯವಿಟ್ಟು ಕ್ಷಮಿಸಿ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ. ಅಕ್ಷರ ಮಾತ್ರ ಗೆರೆ ಬಿಟ್ಟು ಕದಲಲಿಲ್ಲ.

“ಓದು” ಅಂದರು ಅಪ್ಪ. ಓದಿದೆ. ಅವರ ಮುಖ ಅರಳಿತು. “ಈಗ ಅರ್ಥ ಹೇಳು.”

ಅವರು ಹೇಳಿದ್ದನ್ನೇ ಅವರಿಗೆ ತಿರುಗಿಸಿ ಹೇಳಿದೆ. ಆಸ್ಪತ್ರೆ, ಬೀಗದ ಕೈ, ಸ್ಟೋರ್ ಕೀಪರ್, ತಪ್ಪು ನಂದಲ್ಲ. ಒಂದನ್ನೂ ಬಿಡಲಿಲ್ಲ. ಅಪ್ಪ ತೃಪ್ತಿಯಿಂದ ತಲೆಯಾಡಿಸಿ, ಕೆಳಗೆ ಕನ್ನಡದಲ್ಲಿ ದೊಡ್ಡದಾಗಿ ರುಜು ಹಾಕಿದರು.

ಸೋಮವಾರ ಶಾಲೆಗೆ ಹೋದವಳೇ ಮೇಷ್ಟ್ರನ್ನು ಕೇಳಿದೆ, “ಸಾರ್, ಒಪ್ಪಿಸಿದೆ ಅನ್ನೋದಕ್ಕೆ ಏನಂತಾರೆ?” ಅವರು ‘ಹ್ಯಾಂಡೆಡ್ ಓವರ್’ ಅಂದರು. ಅಷ್ಟೇನಾ? ಎರಡೇ ಸಣ್ಣ ಪದ! ನನಗೆ ತಡೆಯಲಾಗಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆದದ್ದೇ ಮಿಲ್ಲಿನ ಕಡೆ ಓಡಿದೆ. ಚಪ್ಪಲಿ ಇರಲಿಲ್ಲ, ಬಿಸಿಲು ಕಾದಿತ್ತು. ಕಾಗದ ಇನ್ನೂ ಅಪ್ಪನ ಜೇಬಿನಲ್ಲೇ ಇರಲಿ ದೇವರೇ ಎಂದುಕೊಳ್ಳುತ್ತ ಓಡಿದೆ. ಗೇಟಿನಲ್ಲಿ ಕಾವಲಿನವನು ಒಳಗೆ ಬಿಡಲಿಲ್ಲ, ಅಪ್ಪನನ್ನು ಕರೆಸಿದ.

“ಏನವ್ವ, ಅವ್ವಂಗೆ ಏನಾಯ್ತು?” ಎಂದು ಅಪ್ಪ ಗಾಬರಿಯಿಂದ ಬಂದರು.

“ಏನಿಲ್ಲ. ಕಾಗದ ಕೊಟ್ರಾ?”

“ಬೆಳಿಗ್ಗೇನೇ ಕೊಟ್ಟೆ. ಗುಮಾಸ್ತರು ಅಕ್ಷರ ನೋಡಿ, ಮುತ್ತು ಪೋಣಿಸಿದಂಗೈತೆ ಅಂದ್ರು. ನನ್ನ ಮಗಳು ಬರ್ದಿದ್ದು ಅಂದೆ” ಎಂದು ನಕ್ಕರು.

ಆಗಲಾದರೂ ಬಾಯಿ ಬಿಡಬಹುದಿತ್ತು. ಅವರು ಆಫೀಸಿಗೆ ಹೋಗಿ ಕಾಗದ ವಾಪಸು ಕೇಳಬಹುದಿತ್ತು. ಅವರು ನಗುತ್ತಿದ್ದರು. “ಸುಮ್ನೆ ಬಂದೆ” ಅಂದೆ. ಅಪ್ಪ ಗೇಟಿನ ಹತ್ತಿರದ ಮುದುಕಿಯಿಂದ ಒಂದು ಪೊಟ್ಟಣ ಕಡಲೆಕಾಯಿ ಕೊಡಿಸಿ ಕಳಿಸಿದರು. ಅದನ್ನು ತಿನ್ನಲಾರದೆ ದಾರಿಯ ಮೇಕೆಗೆ ಹಾಕಿದೆ.

ಆಮೇಲಿನ ಎಂಟು ದಿನ ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ಸಂಜೆಯಾದರೆ ಸುಂಕದಕಟ್ಟೆಯ ತಿರುವಿನವರೆಗೆ ಹೋಗಿ ನಿಲ್ಲುತ್ತಿದ್ದೆ. ದೂರದಲ್ಲಿ ಅಪ್ಪನ ಸೈಕಲ್ ಕಂಡರೆ, ತುಳಿಯುತ್ತಿದ್ದಾರೋ ತಳ್ಳುತ್ತಿದ್ದಾರೋ ಎಂದು ಕಣ್ಣು ಕಿರಿದು ಮಾಡಿ ನೋಡುವುದು. ಊಟ ಸೇರುತ್ತಿರಲಿಲ್ಲ. ಅವ್ವ ಹಣೆ ಮುಟ್ಟಿ ನೋಡಿ ಜ್ವರವಿಲ್ಲವಲ್ಲ ಎಂದು ದೃಷ್ಟಿ ತೆಗೆದಳು. ಒಣಮೆಣಸಿನಕಾಯಿಗೆ ನನ್ನ ರೋಗ ಏನು ಗೊತ್ತು!

ಒಂಬತ್ತನೇ ದಿನ ಅಪ್ಪ ತುಳಿದುಕೊಂಡೇ ಬಂದರು. “ಕೆಲಸ ಉಳೀತು. ಗೋಡೌನ್ ಬ್ಯಾಡ ಅಂತ ಬಣ್ಣದ ಖಾತೆಗೆ ಹಾಕವ್ರೆ” ಅಂದರು. ಅಷ್ಟೇ ಹೇಳಿದ್ದು. ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿ, ನನ್ನ ಕೆನ್ನೆ ಸವರಿ, “ನಿನ್ನ ಕಾಗದದಿಂದ ನಮ್ಮನೆ ಉಳೀತು ಕಣೇ” ಎಂದು ಬೆಲ್ಲದ ತುಂಡು ಬಾಯಿಗಿಟ್ಟಳು. ಅಪ್ಪನ ಸೊಂಟದ ಬೀಗದ ಕೈ ಹೋಯಿತು. ಅಪ್ಪ ಹನ್ನೊಂದು ವರ್ಷ ನೂಲಿಗೆ ಬಣ್ಣ ಹಾಕುವ ತೊಟ್ಟಿಗಳಲ್ಲಿ ಕೈಯದ್ದಿದರು. ಮುದ್ದೆ ಮುರಿಯುವಾಗ ಉಗುರಿನ ಸುತ್ತ ಒಂದು ದಿನ ಕೆಂಪು, ಒಂದು ದಿನ ನೀಲಿ. ನಾನು ಅವರ ಎದುರಿಗೆ ಕೂತು ಉಣ್ಣುವುದನ್ನೇ ಬಿಟ್ಟೆ.

ಇಂಗ್ಲಿಷನ್ನು ನಾನು ಪ್ರೀತಿಯಿಂದ ಕಲಿತೆ ಎಂದು ಬೀಳ್ಕೊಡುಗೆ ಸಮಾರಂಭದಲ್ಲಿ ಯಾರೋ ಭಾಷಣ ಮಾಡಿದರು. ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ. ಹೆದರಿ ಕಲಿತೆ. ಗೊತ್ತಿಲ್ಲದ ಒಂದು ಪದ ಕಂಡರೆ ಆವತ್ತು ನಿದ್ದೆ ಬರುತ್ತಿರಲಿಲ್ಲ. ಹಾಗೆ ಬಿ.ಎ. ಮುಗಿಯಿತು, ಟೀಚರ್ ಕೆಲಸದ ಆರ್ಡರ್ ಬಂತು. ಅಷ್ಟು ಹೊತ್ತಿಗೆ ಆ ಮಿಲ್ಲು ಮುಚ್ಚಿ ಅಪ್ಪ ಮನೆಯಲ್ಲಿದ್ದರು. ಆರ್ಡರ್ ಬಂದ ದಿನ ಅವರು ಜಗಲಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ನಾನೂ ಕೂತು ಹಿಸುಕತೊಡಗಿದೆ. ಇವತ್ತು ಹೇಳದಿದ್ದರೆ ಮಕ್ಕಳ ಮುಂದೆ ನಿಂತು ಪಾಠ ಮಾಡಲಾರೆ ಅನ್ನಿಸಿತು. ಹೇಳಿದೆ. ತಲೆ ಎತ್ತದೆ ಎಲ್ಲ ಹೇಳಿದೆ.

ಅಪ್ಪನ ಕೈ ನಿಲ್ಲಲಿಲ್ಲ. “ಗೊತ್ತು ಕಣವ್ವ” ಅಂದರು. “ಮ್ಯಾನೇಜರು ಒಳಗೆ ಕರೆದು, ನೀನೇ ಒಪ್ಕೊಂಡಿದೀಯಲ್ಲಯ್ಯ ಅಂತ ಓದಿ ಹೇಳಿದ್ರು. ಕೊನೇಲಿ ‘ನಿಮ್ಮ ವಿಧೇಯ ವಿದ್ಯಾರ್ಥಿ’ ಅಂತ ಬರ್ದಿದ್ದೆಯಂತೆ. ಆಫೀಸ್ನೋರೆಲ್ಲ ನಕ್ರು. ನಾನೂ ನಕ್ಕೆ.”

“ಮಗಳು ತಪ್ಪು ಬರೆದಳು ಅಂತ ಹೇಳ್ಬಾರ್ದಾಗಿತ್ತಾ ಅಪ್ಪ?” ನನಗೆ ಅಳು ಬಂದುಬಿಟ್ಟಿತ್ತು.

“ಹಿಂದಿನ ವಾರ ತಾನೇ ಮಗಳು ಬರ್ದಿದ್ದು ಅಂತ ಮೆರೆದಿದ್ನಲ್ಲ, ಯಾವ ಬಾಯಲ್ಲಿ ಹೇಳ್ಲಿ? ಮನೇಲಿ ಹೇಳಿದ್ರೆ ನೀನು ಪುಸ್ತಕ ಬಿಸಾಕ್ತಿದ್ದೆ.” ಆಮೇಲೆ ಕೈ ಒರೆಸಿಕೊಂಡು ಕೇಳಿದರು, “ಈಗ ಬರುತ್ತಾ?”

“ಏನು?”

“ಆ ಕಾಗದ. ಈಗ ಸರಿಯಾಗಿ ಬರೆಯೋಕೆ ಬರುತ್ತಾ? ಹಂಗಾದ್ರೆ ಬರಿ.”

ಯಾರಿಗೆ ಬರೆಯುವುದು? ಮಿಲ್ಲಿಗೆ ಬೀಗ ಬಿದ್ದಿತ್ತು, ಮ್ಯಾನೇಜರು ಯಾವ ಊರಿನಲ್ಲಿದ್ದರೋ. ಕೇಳುವ ಧೈರ್ಯ ಬರಲಿಲ್ಲ. ಕಾಗದ, ಪೆನ್ನು ತಂದೆ. ಅಪ್ಪ ಚಕ್ಕಂಬಕ್ಕಳ ಹಾಕಿ ಕೂತು ಶುರು ಮಾಡಿದರು. “ಆವತ್ತು ನಾನು ಮಿಲ್ಲಲ್ಲಿ ಇರ್ಲಿಲ್ಲ. ನನ್ನ ಹೆಂಡ್ತಿಗೆ ಮೈಗೆ ಹುಷಾರಿರ್ಲಿಲ್ಲ...” ಅದೇ ಮಾತು, ಅದೇ ಕ್ರಮ. ಇಷ್ಟು ವರ್ಷದಲ್ಲಿ ಒಂದು ಪದ ಮರೆತಿರಲಿಲ್ಲ. ಒಂದು ದಿನವೂ ಗೊಣಗದಿದ್ದ ಮನುಷ್ಯ ಅದನ್ನು ದಿನಾ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಲೇ ಇದ್ದರೆಂದು ನನಗೆ ಆಗ ಗೊತ್ತಾಯಿತು. ಬರೆದು ಮುಗಿಸಿದೆ. ಅಪ್ಪ ಪೆನ್ನು ತೆಗೆದುಕೊಂಡು ರುಜು ಹಾಕಿದರು.

“ಅರ್ಥ ಹೇಳ್ತೀನಿ, ಕೇಳಿ ಅಪ್ಪ” ಅಂದೆ.

“ಬ್ಯಾಡ ಬಿಡು. ನೀನು ಬರ್ದಿದೀಯಲ್ಲ” ಎಂದು ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು.

ಅವರು ಕೇಳಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಈ ವಿಷಯವನ್ನು ನಾನು ಗಂಡನಿಗೂ ಹೇಳಿರಲಿಲ್ಲ, ಮಕ್ಕಳಿಗೂ ಹೇಳಿರಲಿಲ್ಲ. ಮೊನ್ನೆ ಬಚ್ಚಲಿನಿಂದ ಎದ್ದು ಬಂದು ಸೊಸೆಗೆ ಹೇಳಿದೆ. ಅವಳು ಕಣ್ಣೊರೆಸಿಕೊಂಡು, “ಇದನ್ನ ಬರೀರಿ ಅತ್ತೆ. ಇಂಗ್ಲಿಷ್‌ನಲ್ಲಿ ಬರೆದ್ರೆ ಮೊಮ್ಮಕ್ಕಳೂ ಓದ್ತಾರೆ” ಅಂದಳು. ಮೊಮ್ಮಕ್ಕಳಿಗೆ ಬೇಕಾದರೆ ಅವಳೇ ಓದಿ ಹೇಳಲಿ. ನಾನು ಕನ್ನಡದಲ್ಲೇ ಬರೆದಿದ್ದೇನೆ. ಅಪ್ಪ ಇದ್ದಿದ್ದರೆ ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಯಾರನ್ನೂ ಅರ್ಥ ಕೇಳದೆ, ತಾವೇ ಓದಿಕೊಳ್ಳುತ್ತಿದ್ದರು.